ಬೈಗುಳ ಬಲ್ಬಿಗೆ, ಬಿಲ್ಲು ರಾಡಿಗೆ

ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿ. 2025ರ ಜನವರಿ. ಲೈಟ್ ಬಿಲ್ ಬಂದ ದಿನ ಸಂಜೆ ಆ ಮನೆಯಲ್ಲಿ ದೊಡ್ಡ ರಾಮಾಯಣ. ದೀಪಾವಳಿ ಹೊತ್ತಿಗೆ ಸಾವಿರದೊಳಗೆ ಇದ್ದ ಬಿಲ್ಲು ಒಮ್ಮೆಲೆ ಎರಡು ಸಾವಿರದ ನೂರು ದಾಟಿತ್ತು. ಅಜ್ಜಿ ಎದ್ದವರೇ ಒಳಕೋಣೆಗೆ ಹೋಗಿ, ಹತ್ತನೆಯ ಇಯತ್ತೆಯ ಮೊಮ್ಮಗಳು ಓದುತ್ತಿದ್ದ ಬಲ್ಬು ಆರಿಸಿದರು. "ರಾತ್ರಿ ಹನ್ನೊಂದರ ತನಕ ಲೈಟ್ ಹಚ್ಚಿ ಕುಂತ್ರ ಬಿಲ್ ಬರದ ಏನ್ ಬರ್ತದ? ಬೆಳಕ ಹರದ ಮ್ಯಾಲ ಓದವಾ" ಅಂದರು.

ಅಲ್ಲಿಗೇ ಮುಗಿಯಲಿಲ್ಲ. ಸೊಸೆ ದಿನಾ ಮಿಕ್ಸರ್ ಹಚ್ಚುತ್ತಾಳೆ, ಅದಕ್ಕೇ ಬಿಲ್ಲು ಎಂಬ ಮಾತು ಬಂತು. ಮಗ ಮಾತ್ರ "ಮೀಟರ್ರೇ ಜೋರ ಓಡ್ಲಿಕತ್ತದ, ವಾಯರಮನ್‌ಗ ಕರಸ್ತೀನಿ" ಅಂದ. ಬಲ್ಬು, ಮಿಕ್ಸರ್, ಮೀಟರ್ ಮೂರರ ಮೇಲೂ ತಪ್ಪು ಹೊರಿಸಿದ್ದಾಯಿತು. ಬಚ್ಚಲದ ಮೊಳೆಗೆ ತೂಗು ಹಾಕಿದ್ದ ನೀರು ಕಾಯಿಸುವ ರಾಡಿನ ಕಡೆ ಯಾರೂ ನೋಡಲಿಲ್ಲ.

ಇದು ಒಂದೇ ಮನೆಯ ಕತೆಯಲ್ಲ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಯಾವ ಊರಿಗೆ ಹೋದರೂ ಬಿಲ್ ಬಂದ ದಿನ ಇದೇ ಜಗಳ. ಕಣ್ಣಿಗೆ ಕಾಣುವ ಬೆಳಕಿಗೆ, ಕಿವಿಗೆ ಕೇಳುವ ಸದ್ದಿಗೆ ಬೈಗುಳ. ಬೆಳಕೂ ಕೊಡದೆ, ಸದ್ದೂ ಮಾಡದೆ ಯುನಿಟ್ ನುಂಗುವ ಸಾಮಾನು ಮಾತ್ರ ಆರಾಮ. ಬೈಗುಳ ತಿನ್ನುವವರು ಹೆಚ್ಚಾಗಿ ಮನೆಯ ಸೊಸೆ ಮತ್ತು ಓದುವ ಮಕ್ಕಳು. ಆದ್ದರಿಂದ ಜಗಳ ಮಾಡುವ ಮೊದಲು ಲೆಕ್ಕ ಮಾಡಬೇಕು. ಈ ಲೆಕ್ಕಕ್ಕೆ ದೊಡ್ಡ ಓದೇನೂ ಬೇಡ.

ಯುನಿಟ್ ಅಂದರೇನು?

ಸಾವಿರ ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯುನಿಟ್. ಎಷ್ಟು ವ್ಯಾಟ್ ಎಂಬುದು ಸಾಮಾನಿನ ಮೇಲೆಯೇ ಬರೆದಿರುತ್ತದೆ. ವ್ಯಾಟನ್ನು ತಾಸಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಆಯಿತು.

ಮೊಮ್ಮಗಳ ಬಲ್ಬು 9 ವ್ಯಾಟಿನ ಎಲ್‌ಇಡಿ. ದಿನಕ್ಕೆ ನಾಲ್ಕು ತಾಸು, ತಿಂಗಳಿಗೆ 30 ದಿನ ಹಚ್ಚಿದರೂ ಬರುವುದು ಒಂದು ಯುನಿಟ್ ಮಾತ್ರ. 500 ವ್ಯಾಟಿನ ಮಿಕ್ಸರನ್ನು ದಿನಾ ಹತ್ತು ನಿಮಿಷ ಓಡಿಸಿದರೆ ತಿಂಗಳಿಗೆ ಎರಡೂವರೆ ಯುನಿಟ್. ಮೊಬೈಲ್ ಚಾರ್ಜಿಂಗ್ ಬಗ್ಗೆಯೂ ಗದರುವವರಿದ್ದಾರೆ. ದಿನಾ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ಒಂದು ಫೋನಿಗೆ ತಿಂಗಳಿಗೆ ಒಂದು ಯುನಿಟ್ ಆಗುವುದಿಲ್ಲ.

ಈಗ ರಾಡಿಗೆ ಬರೋಣ. ಚಳಿಗಾಲದಲ್ಲಿ 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ತರಲು ಸುಮಾರು 0.6 ಯುನಿಟ್ ಬೇಕು. ರಾಡು ಸಣ್ಣದಿರಲಿ ದೊಡ್ಡದಿರಲಿ, ನೀರು ಅಷ್ಟೇ ಕಾಯಬೇಕಾದರೆ ಕರೆಂಟೂ ಅಷ್ಟೇ ಬೇಕು. ಸಣ್ಣ ರಾಡು ತಾಸು ಹೆಚ್ಚು ತಗೊಳ್ಳುತ್ತದೆ, ಅಷ್ಟೇ ಫರಕು. ಮನೆಯಲ್ಲಿ ಐದು ಮಂದಿ, ಐದು ಬಕೆಟ್. ದಿನಕ್ಕೆ 3 ಯುನಿಟ್, ತಿಂಗಳಿಗೆ 90. ಅಂದರೆ ಒಂದು ತಿಂಗಳು ನೀರು ಕಾಯಿಸಿದ ಕರೆಂಟಿನಲ್ಲಿ ಆ ಹುಡುಗಿ ಏಳು ವರ್ಷ ಓದಬಹುದು.

ಆ ಮನೆಯ ಬಿಲ್ಲಿನಲ್ಲಿ ಇದ್ದದ್ದು 198 ಯುನಿಟ್. ಲೆಕ್ಕ ಹಾಕಿದಾಗ ಸುಮಾರಾಗಿ ಹೀಗೆ ಬಂತು: ನೀರಿನ ರಾಡು 90, ಹಳೆಯ ಫ್ರಿಜ್ 45, ಟಿವಿ ಮತ್ತು ಅದರ ಡಬ್ಬಿ 18, ಹಳೆಯ ಚೋಕಿನ ಎರಡು ಟ್ಯೂಬ್‌ಲೈಟು 16, ನೀರೆತ್ತುವ ಮೋಟರ್ 15, ಫ್ಯಾನು 9, ಇಸ್ತ್ರಿ, ಮಿಕ್ಸರ್, ಬಲ್ಬು ಎಲ್ಲಾ ಕೂಡಿ 5. ಬೈಗುಳ ತಿಂದವು ಈ ಕಡೆಯ ಐದರಲ್ಲಿ ಇದ್ದವು.

ಕಾಯುವುದು, ತಂಪು ಮಾಡುವುದು, ರಾತ್ರಿ ಹಗಲು ನಡೆಯುವುದು

ನೆನಪಿಡಬೇಕಾದ ಮಾತು ಸರಳ. ಬಿಸಿ ಮಾಡುವ ಸಾಮಾನು ಮೊದಲನೆಯ ಕಳ್ಳ: ರಾಡು, ಗೀಜರ್, ಇಸ್ತ್ರಿ, ಕರೆಂಟಿನ ಒಲೆ. ಗೀಜರ್ ಸಾಮಾನ್ಯವಾಗಿ 2000 ವ್ಯಾಟ್. ಅದರ ಗುಂಡಿ ಆರಿಸುವುದನ್ನು ಮರೆತರೆ ಒಳಗಿನ ನೀರು ಆರಿದಂತೆಲ್ಲ ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ.

ಎರಡನೆಯದು ಬಿಡುವಿಲ್ಲದೆ ನಡೆಯುವ ಸಾಮಾನು. ಫ್ರಿಜ್ ವ್ಯಾಟ್ ನೋಡಿದರೆ ಸಣ್ಣದು, ಆದರೆ 24 ತಾಸೂ ಚಾಲೂ. ಬಾಗಿಲಿನ ರಬ್ಬರ್ ಸಡಿಲಾದ ಹಳೆಯ ಫ್ರಿಜ್ ದಿನಕ್ಕೆ ಒಂದೂವರೆ ಯುನಿಟ್ ತಿಂದರೆ ಆಶ್ಚರ್ಯವಿಲ್ಲ. ಹೊಸ ಸಣ್ಣ ಫ್ರಿಜ್ಜುಗಳಲ್ಲಿ ದಿನಕ್ಕೆ ಅರ್ಧ ಯುನಿಟ್ ಆಸುಪಾಸಿನವೂ ಸಿಗುತ್ತವೆ. ಕೊಳ್ಳುವಾಗ ಸ್ಟಾರ್ ಎಣಿಸಿದರೆ ಸಾಲದು. ಆ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯುನಿಟ್ ಅಂತ ಬರೆದಿರುತ್ತದೆ, ಅದನ್ನೇ ಓದಬೇಕು. ಈ ಸ್ಟಾರ್ ಚೀಟಿಯ ಪದ್ಧತಿ ದೇಶದಲ್ಲಿ ಶುರುವಾದದ್ದು 2006ರಲ್ಲಿ.

ಟಿವಿ ಆರಿಸಿ ಡಬ್ಬಿ ಹಾಗೇ ಬಿಡುವುದು ಎಲ್ಲರ ರೂಢಿ. ಡಬ್ಬಿ 10 ವ್ಯಾಟ್ ಅಂತ ಹಿಡಿದರೂ ರಾತ್ರಿ ಹಗಲು ಸೇರಿ ತಿಂಗಳಿಗೆ 7 ಯುನಿಟ್. ಗೋಡೆಯ ಗುಂಡಿ ಆರಿಸಿದರೆ ಅದರಲ್ಲಿ ಬಹಳಷ್ಟು ಉಳಿಯಿತು.

ಬ್ಯಾಸಿಗೆಯಲ್ಲಿ ಲೆಕ್ಕ ಬದಲಾಗುತ್ತದೆ. ಸೊಲ್ಲಾಪುರ ಸೀಮೆಯ ಬಿಸಿಲು ಯಾರಿಗೂ ಹೇಳಬೇಕಾದ್ದಿಲ್ಲ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯುನಿಟ್. ಅಂಥ ಮೂರು ಫ್ಯಾನಿದ್ದರೆ 81. ಬಿಎಲ್‌ಡಿಸಿ ಎಂಬ ಹೊಸ ಮಾದರಿಯ ಫ್ಯಾನು 30 ವ್ಯಾಟಿನ ಆಸುಪಾಸು, ಅಷ್ಟೇ ತಾಸಿಗೆ 11 ಯುನಿಟ್. 180 ವ್ಯಾಟಿನ ಕೂಲರ್ ಹತ್ತು ತಾಸು ನಡೆದರೆ ತಿಂಗಳಿಗೆ 54. ಏಸಿ ತಾಸಿಗೆ ಒಂದು ಯುನಿಟ್ ಅಂತ ಹಿಡಿದರೂ ರಾತ್ರಿ ಎಂಟು ತಾಸಿಗೆ ತಿಂಗಳಿಗೆ 240. ಪೇಟೆಯಲ್ಲಿ ಏಸಿ ಹಾಕಿಸಿದ ಮನೆಯವರು ಮೀಟರಿಗೆ ಬೈಯುವ ಮೊದಲು ಇಷ್ಟು ಗುಣಾಕಾರ ಮಾಡಲಿ.

ನೂರರ ಮೆಟ್ಟಿಲು

ಯುನಿಟ್ ಸ್ವಲ್ಪ ಏರಿದರೆ ರೂಪಾಯಿ ಯಾಕೆ ಅಷ್ಟು ಏರುತ್ತದೆ? ದರ ಮೆಟ್ಟಿಲು ಮೆಟ್ಟಿಲಾಗಿ ಇರುವುದೇ ಕಾರಣ. ಮಹಾರಾಷ್ಟ್ರದಲ್ಲಿ ಮನೆಬಳಕೆಯ 2024-25ರ ದರದಂತೆ ಮೊದಲ 100 ಯುನಿಟ್‌ಗೆ ತಲಾ 4 ರೂ. 71 ಪೈಸೆ, 101ರಿಂದ 300ರ ವರೆಗೆ ತಲಾ 10 ರೂ. 29 ಪೈಸೆ. ಇದರ ಮೇಲೆ ವಹನ ಆಕಾರ ಬೇರೆ, ಒಟ್ಟಿನ ಮೇಲೆ 16 ಪ್ರತಿಶತ ವೀಜ ಶುಲ್ಕ ಬೇರೆ. ದರ ಆಗಾಗ ಬದಲಾಗುತ್ತದೆ, ಲೆಕ್ಕದ ರೀತಿ ಮಾತ್ರ ಇದೇ.

ನೂರು ದಾಟಿತೆಂದರೆ ಎಲ್ಲಾ ಯುನಿಟ್‌ಗೂ ದೊಡ್ಡ ದರ ಹಾಕುತ್ತಾರೆ ಎಂಬ ತಪ್ಪು ತಿಳಿವಳಿಕೆ ಬಹಳ ಮಂದಿಗಿದೆ. ಹಾಗಿಲ್ಲ. ನೂರರ ಮೇಲಿನವಕ್ಕೆ ಮಾತ್ರ ದೊಡ್ಡ ದರ. ಆದರೆ ಮೋಜು ಇರುವುದು ಇಲ್ಲೇ. ಆ ಮನೆಯ 198ರಲ್ಲಿ ರಾಡಿನ 90 ತೆಗೆದರೆ ಉಳಿಯುವುದು 108. ಅಂದರೆ ರಾಡಿನ ಎಲ್ಲಾ ಯುನಿಟ್ಟೂ ದೊಡ್ಡ ದರದವೇ. ಎಲ್ಲಾ ಕೂಡಿ ಯುನಿಟ್‌ಗೆ 13 ರೂಪಾಯಿಯಂತೆ ರಾಡಿನ ಖರ್ಚು ಸಾವಿರದ ನೂರಾ ಎಪ್ಪತ್ತು. ಮೊಮ್ಮಗಳ ಓದಿನ ಖರ್ಚು ಹದಿಮೂರು.

ಬಿಲ್ ಓದುವವರು ಯಾರು?

ಇನ್ನೊಂದು ತೊಡಕು ಗಡಿಯ ಮನೆಗಳದ್ದೇ. ಬಿಲ್ ಬರುವುದು ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಕೆಳಗಿನ ರೂಪಾಯಿ ಅಂಕಿ ನೋಡಿ ಮಡಚಿ ಇಡುತ್ತಾರೆ. ನಡುವಿನ ಸಾಲುಗಳೇ ಮುಖ್ಯ. 'ಚಾಲೂ ರೀಡಿಂಗ್' ಅಂದರೆ ಈ ತಿಂಗಳ ಅಂಕಿ, 'ಮಾಗೀಲ ರೀಡಿಂಗ್' ಅಂದರೆ ಹಿಂದಿನದು. ಎರಡರ ಅಂತರವೇ ಸುಟ್ಟ ಯುನಿಟ್. 'ಸ್ಥಿರ ಆಕಾರ' ಒಂದು ಯುನಿಟ್ ಸುಡದಿದ್ದರೂ ಕೊಡಲೇಬೇಕಾದದ್ದು. 'ವೀಜ ಆಕಾರ' ಸುಟ್ಟ ಕರೆಂಟಿನ ಹಣ. 'ಥಕಬಾಕಿ' ಇದ್ದರೆ ಅದು ಹಿಂದಿನ ಬಾಕಿ, ಈ ತಿಂಗಳು ಸುಟ್ಟದ್ದಲ್ಲ. 'ಸರಾಸರಿ' ಅಂತ ಬಂದಿದ್ದರೆ ಯಾರೂ ಮೀಟರ್ ನೋಡದೆ ಅಂದಾಜಿನಲ್ಲಿ ಬಿಲ್ ಮಾಡಿದ್ದಾರೆ ಎಂದರ್ಥ. ಇಂಥಾ ಬಿಲ್ಲಿಗೆ ತಕರಾರು ಕೊಡಲೇಬೇಕು. ಮೀಟರೇ ಜೋರು ಓಡುತ್ತದೆ ಎಂಬ ಸಂಶಯ ಗಟ್ಟಿಯಿದ್ದರೆ ಶುಲ್ಕ ತುಂಬಿ ಮೀಟರ್ ಪರೀಕ್ಷೆ ಕೇಳುವ ಹಕ್ಕೂ ಗ್ರಾಹಕರಿಗೆ ಇದೆ. ಆದರೆ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು.

ಕೆಂಪು ದೀಪದ ಪರೀಕ್ಷೆ

ಮೀಟರಿನ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯುನಿಟ್ ಎಂಬುದನ್ನೂ ಅಲ್ಲೇ ಬರೆದಿರುತ್ತಾರೆ. ಬಹಳ ಮೀಟರುಗಳಲ್ಲಿ ಅದು 3200. ಆ ಮನೆಯ ಮೊಮ್ಮಗಳು ಮಾಡಿದ್ದು ಇದನ್ನೇ. ಮನೆಯ ಎಲ್ಲಾ ಗುಂಡಿ ಆರಿಸಿ, ಫ್ರಿಜ್ಜಿನದೂ ತೆಗೆದು, ತನ್ನ ಬಲ್ಬು ಮಾತ್ರ ಹಚ್ಚಿದಳು. ಎರಡು ನಿಮಿಷ ಕಾದ ಮೇಲೆ ದೀಪ ಒಮ್ಮೆ ಮಿನುಗಿತು. ಆಮೇಲೆ ಬಲ್ಬು ಆರಿಸಿ, ಬಕೆಟ್ಟಿನಲ್ಲಿ ಇಟ್ಟ 1500 ವ್ಯಾಟಿನ ರಾಡು ಹಚ್ಚಿಸಿದಳು. ಒಂದು ನಿಮಿಷಕ್ಕೆ ಎಂಬತ್ತು ಸಲ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಆದರೆ ಎಣಿಕೆ ಬರುತ್ತದೆ. "ಅಯ್ಯ ಶಿವನೇ, ಇದು ಕುಣಿಲಿಕತ್ತದಲ್ಲ!" ಅಂದರು.

ಎಲ್ಲಾ ಆರಿಸಿದ ಮೇಲೂ ಆ ದೀಪ ಮಿನುಗುತ್ತಲೇ ಇದ್ದರೆ ಮಾತ್ರ ಸಂಶಯಪಡಬೇಕು. ವಾಯರಿಂಗಿನಲ್ಲಿ ಎಲ್ಲೋ ಕರೆಂಟ್ ಸೋರುತ್ತಿರಬಹುದು, ಇಲ್ಲವೆ ಯಾರೋ ಜೋಡಣೆ ತಗೊಂಡಿರಬಹುದು. ಆಗ ತಿಳಿದವರನ್ನೇ ಕರೆಸಬೇಕು, ಮೀಟರಿಗೆ ತಾವೇ ಕೈ ಹಚ್ಚಬಾರದು. ಎಣಿಸಲು ಬೇಸರವಾದರೆ ದಿನಾ ಮುಂಜಾನೆ ಒಂದೇ ಹೊತ್ತಿಗೆ ಮೀಟರ್ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೂ ಸಾಕು. ರಾಡು ಹಚ್ಚಿದ ದಿನ, ಹಚ್ಚದ ದಿನದ ಅಂತರ ಒಂದು ವಾರದಲ್ಲಿ ತಾನೇ ಕಾಣುತ್ತದೆ.

ಹಾಗಂತ ಮತ್ತೆ ಹೊಗೆಗೆ?

ಇಲ್ಲಿ ಒಂದು ಎಚ್ಚರ ಬೇಕು. ಕಳ್ಳ ಸಿಕ್ಕ ಅಂತ ರಾಡು ಬಿಸಾಕಿ ಮತ್ತೆ ಬಚ್ಚಲ ಒಲೆ ಹಚ್ಚಿ ಅಂದರೆ ಭಾರ ಬೀಳುವುದು ಯಾರ ಮೇಲೆ? ತೊಗರಿ ಕಟ್ಟಿಗೆ ಹೊತ್ತು ತಂದು, ನಸುಕಿನಲ್ಲಿ ಎದ್ದು, ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಹಂಡೆ ಕಾಯಿಸಿದವರು ಹೆಣ್ಣುಮಕ್ಕಳು. ರಾಡು ಅವರಿಗೆ ಒಂದು ತಾಸಿನ ನಿದ್ದೆ ಕೊಟ್ಟಿದೆ. ಬಿಲ್ ಉಳಿಸಲು ಅದನ್ನು ಕಸಿದುಕೊಳ್ಳುವುದು ನ್ಯಾಯವಲ್ಲ. ಲೆಕ್ಕ ಗೊತ್ತಾದ ಮೇಲೆ ಬೇರೆ ದಾರಿಗಳಿವೆ. ಹಿಂದಿನ ದಿನ ನೀರನ್ನು ಬಿಸಿಲಿಗೆ ಇಟ್ಟರೆ ರಾಡಿನ ಕೆಲಸ ಅಷ್ಟು ಕಡಿಮೆ. ಕುದಿಯುವ ತನಕ ಕಾಯಿಸಿ ಮರೆತು ಕೂಡ್ರುವ ಬದಲು ಬೇಕಾದಷ್ಟು ಕಾದ ಕೂಡಲೇ ಆರಿಸುವುದು. ಗಂಡಸರೂ ತಮ್ಮ ಬಕೆಟ್ ತಾವೇ ಅರ್ಧ ಮಾಡಿಕೊಳ್ಳುವುದು. ಅನುಕೂಲ ಇದ್ದವರು ಮಾಳಿಗೆಯ ಮೇಲೆ ಸೂರ್ಯನ ಬಿಸಿಲಿನ ಹೀಟರ್ ಹಾಕಿಸುವುದು. ಈ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ.

ಬೀಗರ ಊರಿನ ಸೊನ್ನೆ ಬಿಲ್ಲು

ಇಂಡಿ, ಅಫಜಲಪುರ, ಆಳಂದದ ಕಡೆ ಬೀಗತನ ಇದ್ದವರಿಗೆ ಇನ್ನೊಂದು ಸಂಕಟ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಬಂದ ಮೇಲೆ ಅಲ್ಲಿಯ ಮನೆಗಳಿಗೆ ಸೊನ್ನೆ ಬಿಲ್ಲು. "ಅವರಿಗಿ ಫುಕಟ್, ನಮಗ್ಯಾಕ ಹಿಂಗ?" ಎಂಬ ಮಾತು ಪ್ರತಿ ಮದುವೆ ಮನೆಯಲ್ಲೂ ಕೇಳುತ್ತದೆ. ಕೇಳುವುದು ತಪ್ಪಲ್ಲ. ಮಹಾರಾಷ್ಟ್ರದಲ್ಲಿ 7.5 ಎಚ್‌ಪಿ ವರೆಗಿನ ಹೊಲದ ಪಂಪಿಗೆ 2024ರ ಎಪ್ರಿಲ್‌ನಿಂದ ಬಿಲ್ ಮಾಫಿ ಆಗಿದೆ, ಮನೆಗೆ ಇಲ್ಲ. ಆದರೆ ಅಲ್ಲಿಯೂ ಲೆಕ್ಕ ತಪ್ಪಿದ್ದಲ್ಲ. ತಿಂಗಳಿಗೆ 200 ಯುನಿಟ್ ದಾಟಿದರೆ ಗೃಹಜ್ಯೋತಿಯವರೂ ಪೂರ್ತಿ ಬಿಲ್ ಕಟ್ಟಬೇಕು. ಗಡಿಯ ಯಾವ ಕಡೆ ಇದ್ದರೂ ಮೀಟರ್ ನೋಡುವ ರೂಢಿ ಬೇಕೇ ಬೇಕು.

ಮಹಾವಿತರಣವು ಈ ಊರುಗಳಲ್ಲಿ ಒಂದು ಸಣ್ಣ ಉಪಕಾರ ಮಾಡಬಹುದು. ಬಿಲ್ ಮರಾಠಿಯಲ್ಲೇ ಇರಲಿ, ಅದರ ಸಾಲುಗಳ ಅರ್ಥವನ್ನೂ ಯಾವ ಸಾಮಾನಿಗೆ ಎಷ್ಟು ಯುನಿಟ್ ಎಂಬುದನ್ನೂ ಕನ್ನಡದಲ್ಲಿ ಬರೆದ ಒಂದು ಹಲಗೆ ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಲಿ. ಖರ್ಚು ದೊಡ್ಡದಲ್ಲ. ಅಲ್ಲಿಯವರೆಗೆ ಕನ್ನಡ ಶಾಲೆಯ ಗುರುಗಳು ಮಕ್ಕಳಿಗೆ ಒಂದು ದಿನದ ಮನೆಪಾಠವಾಗಿ ಮೀಟರ್ ಲೆಕ್ಕ ಕೊಟ್ಟರೂ ನಡೆದೀತು. ಗುಣಾಕಾರ ಭಾಗಾಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ.

ಆ ಮನೆಯಲ್ಲಿ ಈಗ ಅಜ್ಜಿಯೇ ರಾಡಿನ ಕಾವಲುಗಾರರು. ನೀರು ಬೆಚ್ಚಗಾಯಿತೋ ಇಲ್ಲವೋ, "ಆರಸ್ರೋ, ಕುಣಿಲಿಕತ್ತದ" ಅಂತ ಪಡಸಾಲೆಯಿಂದಲೇ ಕೂಗು. ಮಾರ್ಚ್ ಪರೀಕ್ಷೆ ಮುಗಿಯುವ ತನಕ ಒಳಕೋಣೆಯ ಬಲ್ಬಿಗೆ ಮತ್ತೆ ಯಾರೂ ಕೈ ಹಚ್ಚಲಿಲ್ಲ.