ಮಣಿಕಟ್ಟಿನಿಂದಲೋ, ತೊಡೆಸಂದಿನಿಂದಲೋ?

ಭೀಮಸಮುದ್ರದ ಅಡಿಕೆ ತೋಟಗಳಿಂದ ಎದೆನೋವೆಂದು ಹೊರಟವರು ಚಿತ್ರದುರ್ಗಕ್ಕೋ ದಾವಣಗೆರೆಗೋ, ಕೆಲವೊಮ್ಮೆ ಬೆಂಗಳೂರಿಗೋ ಹೋಗಿ ಆಂಜಿಯೋಗ್ರಾಂ ಮಾಡಿಸಿಕೊಂಡು, ಸ್ಟೆಂಟ್ ಹಾಕಿಸಿಕೊಂಡು ಮರಳುತ್ತಾರೆ. ಸ್ಟೆಂಟ್ ಎಷ್ಟು, ಬಿಲ್ಲು ಎಷ್ಟು ಎಂಬುದು ಊರಿಗೆಲ್ಲ ತಿಳಿಯುತ್ತದೆ. ಕೊಳವೆಯನ್ನು ದೇಹದ ಯಾವ ಭಾಗದಿಂದ ಒಳಗಿಳಿಸಿದರೆಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ರಕ್ತಸ್ರಾವದ ಮಟ್ಟಿಗೆ ಮೊದಲು ಕೇಳಬೇಕಾದುದು ಅದನ್ನೇ ಎಂಬುದು ನಮ್ಮ ಅಭಿಮತ.

ಸೂಜಿ ಚುಚ್ಚಿ, ಅದರೊಳಗೆ ತಂತಿ ಇಳಿಸಿ, ಸೂಜಿಯನ್ನು ತೆಗೆದು ತಂತಿಯ ಮೇಲೆ ಕೊಳವೆ ಜಾರಿಸುವ ವಿಧಾನವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ಕೊಳವೆ ಒಳಗಿರುವವರೆಗೆ ಅದರ ಬಾಯಲ್ಲಿರುವ ಕವಾಟ ರಕ್ತವನ್ನು ತಡೆದಿರುತ್ತದೆ. ಹೆಚ್ಚಿನ ತೊಡಕು ಅದನ್ನು ಹೊರತೆಗೆದ ಮೇಲೆ. ತೊಡೆಸಂದಿನ ಅಪಧಮನಿ ದಪ್ಪನೆಯದು, ಆಳದಲ್ಲಿರುವುದು. ಅಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೈಯಿಂದ ಒತ್ತಿ ಹಿಡಿದು, ಬಳಿಕ ಗಂಟೆಗಟ್ಟಲೆ ಕಾಲು ಮಡಿಸದೆ ಮಲಗಬೇಕಾಗುತ್ತದೆ. ರಂಧ್ರ ತುಸು ಮೇಲಾಗಿದ್ದರೆ ರಕ್ತವು ಹೊರಗೆ ಕಾಣದೆ ಹೊಟ್ಟೆಯ ಹಿಂಬದಿಗೆ ಸೋರಬಹುದು: ಹಾಕಿದ ಬಟ್ಟೆ ಒಣಗಿಯೇ ಇರುತ್ತದೆ, ರೋಗಿ ಬೆನ್ನುನೋವೆನ್ನುತ್ತ ಬೆವರಿ ತಣ್ಣಗಾಗುತ್ತಾರೆ. ಮಣಿಕಟ್ಟಿನ ಅಪಧಮನಿಯಾದರೋ ಚರ್ಮದ ಕೆಳಗೇ, ಎಲುಬಿನ ಮೇಲೆಯೇ ಇದೆ. ಸಾಮಾನ್ಯವಾಗಿ ಒಂದು ಪಟ್ಟಿ ಬಿಗಿದರೆ ಸಾಕು. ಕೆನಡಾದ ಕಾಂಪೋ 1989ರಲ್ಲಿ ಈ ದಾರಿಯ ಅನುಭವವನ್ನು ಪ್ರಕಟಿಸಿದರು. ಯುರೋಪಿನ ನಾಲ್ಕು ದೇಶಗಳ 8,404 ಹೃದ್ರೋಗಿಗಳ ಮೇಲೆ ನಡೆದು 2015ರಲ್ಲಿ ಹೊರಬಂದ ಅಧ್ಯಯನದಲ್ಲಿ ಮಣಿಕಟ್ಟಿನ ದಾರಿಯವರಲ್ಲಿ ದೊಡ್ಡ ರಕ್ತಸ್ರಾವವೂ ಸಾವೂ ಕಡಿಮೆಯಿದ್ದವು.

ಎಲ್ಲರಿಗೂ ಇದು ಒದಗದು. ನಾಳ ತೀರ ಸಣ್ಣದಿರಬಹುದು. ಡಯಾಲಿಸಿಸ್‌ಗಾಗಿ ಆ ಕೈಯನ್ನು ಉಳಿಸಿಕೊಳ್ಳಬೇಕಿರಬಹುದು. ನಿರ್ಧಾರ ವೈದ್ಯರದೇ. ಆದರೆ ಕೇಳುವುದು ಅವಿಧೇಯತೆಯಲ್ಲ. ಅಡಿಕೆ ಸುಲಿಯುವವರು, ಗೊನೆ ಇಳಿಸುವವರು ತಮ್ಮ ದುಡಿಮೆಯ ಕೈ ಯಾವುದೆಂದೂ ಹೇಳಲಿ. ಎಡಗೈಯಿಂದಲೂ ಇದು ಸಾಧ್ಯ.

ಮುಚ್ಚಿಡಬಾರದ ಇನ್ನೊಂದು ಸಂಗತಿ ಮಾತ್ರೆಗಳದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಯಾವುದನ್ನು ನುಂಗುತ್ತಿದ್ದರೂ ಚೀಟಿಸಹಿತ ತೋರಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದಿದ್ದರೆ ಅದರ ವೇಳೆಯನ್ನೂ ತಿಳಿಸಬೇಕು. ರಕ್ತ ಹೋದೀತೆಂಬ ಭಯದಿಂದ ತಾವೇ ಮಾತ್ರೆ ಬಿಡುವುದು ಮತ್ತೂ ಕೆಟ್ಟದ್ದು, ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು.

ಮನೆಗೆ ಬಂದ ಮೇಲೆ ಚುಚ್ಚಿದ ಜಾಗ ಜಿನುಗಿದರೆ ಅರಿಶಿನ, ಕಾಫಿಪುಡಿ ಬೇಡ. (ಕಾಫಿಪುಡಿಯ ನಂಬಿಕೆ ಓದಿದವರಲ್ಲೂ ಇದೆ!) ಶುದ್ಧ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಬೇಕು, ತೊಡೆಸಂದಾದರೆ ಮಲಗಿಸಿ, ಚರ್ಮದ ಗಾಯಕ್ಕಿಂತ ತುಸು ಮೇಲೆ. ರಕ್ತ ಚಿಮ್ಮುತ್ತಿದ್ದರೆ, ಗಂಟು ಬೆಳೆಯುತ್ತಿದ್ದರೆ ಒತ್ತಿದ ಕೈ ತೆಗೆಯದೆಯೇ 108ಕ್ಕೆ ಕರೆಮಾಡಿಸಬೇಕು. ಬಿಡುಗಡೆಯ ಚೀಟಿಯಲ್ಲಿ ಇಷ್ಟನ್ನು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಲು ಆಸ್ಪತ್ರೆಗಳಿಗೆ ಏನು ಅಡ್ಡಿಯೋ ನಾವರಿಯೆವು.