ಅಡಕೆಗೆ ಹೋದ ಮಾನ

2016ರ ಮಾರ್ಚ್ 8ರಂದು ಕ್ಯಾಲ್ವಿನ್ ಜಾನ್ಸನ್ ಅಮೆರಿಕನ್ ಫುಟ್‌ಬಾಲ್‌ಗೆ ವಿದಾಯ ಹೇಳಿದಾಗ ಅವರಿಗೆ ಮೂವತ್ತು ವರ್ಷ. ಪತ್ರಿಕಾಗೋಷ್ಠಿ ಕರೆಯಲಿಲ್ಲ, ಮೈದಾನದಲ್ಲಿ ಬೀಳ್ಕೊಡುಗೆ ಕೇಳಲಿಲ್ಲ. ಒಂದು ಲಿಖಿತ ಹೇಳಿಕೆ ಕೊಟ್ಟು ಹೊರಟುಬಿಟ್ಟರು. ಅಂದಿನಿಂದ ಡೆಟ್ರಾಯಿಟ್‌ನ ಅಭಿಮಾನಿಗಳು ಎರಡು ಬಣವಾಗಿ ವಾದಿಸುತ್ತಲೇ ಬಂದಿದ್ದಾರೆ. ಒಂದು ಬಣಕ್ಕೆ ಅವರು ಸೋಲುವ ತಂಡದಲ್ಲಿ ಸಿಕ್ಕಿಬಿದ್ದ ಅಪ್ರತಿಮ ರಿಸೀವರ್. ಇನ್ನೊಂದು ಬಣಕ್ಕೆ, 2019ರವರೆಗೆ ಆಡುವುದಾಗಿ ಸಹಿ ಹಾಕಿ, ಕೋಟಿಗಟ್ಟಲೆ ಹಣ ಎಣಿಸಿಕೊಂಡು, ಅರ್ಧದಾರಿಯಲ್ಲೇ ಕೈಕೊಟ್ಟು ಹೋದ, ಗೆಲುವಿನ ಹಸಿವೇ ಇಲ್ಲದ ಮನುಷ್ಯ. ಈ ಎರಡನೆಯ ಮಾತು ಅನ್ಯಾಯದ್ದು. ಜಾನ್ಸನ್ ಯಾರಿಗೂ ಬಾಕಿ ಉಳಿಸಿ ಹೋಗಲಿಲ್ಲ. ತಪ್ಪು ಮಾಡಿದ್ದು ಡೆಟ್ರಾಯಿಟ್ ಲಯನ್ಸ್ ತಂಡದ ಆಡಳಿತ. ಆ ತಪ್ಪನ್ನು ಅದು ವರ್ಷಗಟ್ಟಲೆ ತಿದ್ದಿಕೊಳ್ಳದೆ ಉಳಿಸಿಕೊಂಡಿತು.

ಪ್ರತಿಭೆಯ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಎದುರಾಳಿಗಳ ನಡುವಿನಿಂದ ಹಿಡಿದು ಮುನ್ನುಗ್ಗುವುದು ರಿಸೀವರ್‌ನ ಕೆಲಸ. ಆರೂವರೆ ಅಡಿಗೆ ಒಂದೇ ಅಂಗುಲ ಕಡಿಮೆ ಎತ್ತರ, ನೂರು ಕಿಲೋ ಮೀರಿದ ಮೈ, ಅದರ ಮೇಲೆ ಓಟಗಾರನ ವೇಗ: ಜಾರ್ಜಿಯಾ ಟೆಕ್‌ನಿಂದ ಬಂದ ಈ ಹುಡುಗನನ್ನು, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ 2007ರ ಡ್ರಾಫ್ಟ್‌ನಲ್ಲಿ, ಲಯನ್ಸ್ ಎರಡನೆಯವನಾಗಿ ಆರಿಸಿಕೊಂಡಿತು. ಸಹ ಆಟಗಾರರು ಇಟ್ಟ ಹೆಸರು ಮೆಗಾಟ್ರಾನ್. 2012ರಲ್ಲಿ ಅವರು ಒಂದೇ ಋತುವಿನಲ್ಲಿ 1,964 ಗಜ ಗಳಿಸಿ, ಜೆರ್ರಿ ರೈಸ್ 1995ರಲ್ಲಿ ಬರೆದಿದ್ದ 1,848 ಗಜಗಳ ದಾಖಲೆಯನ್ನು ಅಳಿಸಿದರು. ಮರುವರ್ಷ ಡಲ್ಲಾಸ್ ಕೌಬಾಯ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 329 ಗಜ. ಲೀಗ್‌ನ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚಿನದು ಒಂದೇ ಇತ್ತು, ಅದೂ ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯದಲ್ಲಿ ಬಂದದ್ದು.

ಆದರೆ ಈ ಅಂಕಿಗಳಿಗಿಂತ ನಮಗೆ ಮುಖ್ಯವಾಗಿ ಕಾಣುವುದು 2008. ಆ ವರ್ಷ ಲಯನ್ಸ್ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಿತು. ಹದಿನಾರು ಪಂದ್ಯಗಳ ಋತುವಿನಲ್ಲಿ ಲೀಗ್ ಅಂಥದ್ದನ್ನು ಅದುವರೆಗೆ ಕಂಡಿರಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗಳು ಒಬ್ಬರ ಹಿಂದೊಬ್ಬರು ಬದಲಾಗುತ್ತಿದ್ದರು. ಚೆಂಡು ಯಾರ ಕೈಯಿಂದ, ಎಲ್ಲಿಗೆ, ಯಾವಾಗ ಬರುತ್ತದೆಂಬ ಖಾತರಿಯೇ ಇಲ್ಲದ ಆ ತಂಡದಲ್ಲಿ ಇಪ್ಪತ್ಮೂರರ ಯುವಕ 1,331 ಗಜ ಗಳಿಸಿದರು. 12 ಟಚ್‌ಡೌನ್ ಹಿಡಿದು ಇಡೀ ಲೀಗ್‌ನಲ್ಲಿ ಮೊದಲ ಸ್ಥಾನ ಹಂಚಿಕೊಂಡರು. ಗೆಲ್ಲುವ ಆಸೆ ಸತ್ತುಹೋದ ಮೈದಾನದಲ್ಲಿ ಡಿಸೆಂಬರ್ ಕೊನೆಯವರೆಗೂ ಹಾಗೆ ಆಡಿದವನ ಬಗ್ಗೆ ಹಸಿವಿಲ್ಲದವನೆಂದು ಹೇಳಲು ನಾಲಿಗೆಗೆ ಸ್ವಲ್ಪವಾದರೂ ಸಂಕೋಚ ಇರಬೇಕು.

ಅವರ ಮನೋಭಾವದ ಬಗ್ಗೆ ದೂರುವವರ ಕೈಯಲ್ಲಿ ಇರುವ ಸಾಕ್ಷ್ಯವಾದರೂ ಏನು? ಅವರು ಕೂಗಾಡಲಿಲ್ಲ. ತರಬೇತುದಾರರ ಮೇಲೆ ಹರಿಹಾಯಲಿಲ್ಲ. ತನ್ನನ್ನು ಬೇರೆ ತಂಡಕ್ಕೆ ಮಾರಿ ಎಂದು ಕ್ಯಾಮೆರಾಗಳ ಮುಂದೆ ರಂಪ ಮಾಡಲಿಲ್ಲ. ಆ ಕಾಲದ ಹೆಸರಾಂತ ರಿಸೀವರ್‌ಗಳಲ್ಲಿ ಹಲವರು ಬಾಯಿಂದಲೂ ಸುದ್ದಿಯಾಗುತ್ತಿದ್ದರು. ಇವರು ಚೆಂಡು ಹಿಡಿದು ರೆಫರಿಯ ಕೈಗೆ ಕೊಟ್ಟು ಬರುತ್ತಿದ್ದರು. ಗದ್ದಲವನ್ನೇ ಛಲವೆಂದು ತಿಳಿಯುವ ಅಭ್ಯಾಸ ಕ್ರೀಡಾಭಿಮಾನಿಗಳಿಗೆ ಎಲ್ಲ ದೇಶಗಳಲ್ಲೂ ಇದೆ. ಒಂಬತ್ತು ಋತುಗಳ 144 ಪಂದ್ಯಗಳಲ್ಲಿ ಜಾನ್ಸನ್ 135 ಆಡಿದರು. ಬೆರಳು, ಮೊಣಕಾಲು, ಕಣಕಾಲು ಒಂದಾದ ಮೇಲೊಂದು ಕೈಕೊಡುತ್ತಿದ್ದಾಗಲೂ ಆಡಿದರು.

ಹೇಗೆ ಆಡಿದರು ಎಂಬುದನ್ನು ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಇಎಸ್‌ಪಿಎನ್ ಸಂದರ್ಶನದಲ್ಲಿ ಅವರೇ ತಿಳಿಸಿದರು. ನೋವು ನಿವಾರಕ ಗುಳಿಗೆಗಳು ಮಿಠಾಯಿ ಹಂಚಿದಷ್ಟು ಸಲೀಸಾಗಿ ಸಿಗುತ್ತಿದ್ದವು. ತಲೆಗೆ ಪೆಟ್ಟು ಬಿದ್ದದ್ದನ್ನು ಕೆಲವೊಮ್ಮೆ ತರಬೇತುದಾರರಿಗೆ ಹೇಳದೆ ಮುಚ್ಚಿಟ್ಟದ್ದೂ ಉಂಟು, ಏಕೆಂದರೆ ಮಾಡಬೇಕಾದ ಕೆಲಸ ಇತ್ತು. ಇದನ್ನು ನಾವು ಮೆಚ್ಚುವುದಿಲ್ಲ. ಮಿದುಳಿಗೆ ಬಿದ್ದ ಪೆಟ್ಟನ್ನು ಮುಚ್ಚಿಟ್ಟು ಆಡುವುದು ಶೌರ್ಯವಲ್ಲ. ಅದನ್ನು ಶೌರ್ಯವೆಂದು ಕಲಿಸಿದ ಲೀಗ್ ಉತ್ತರ ಕೊಡಬೇಕು. ಆದರೆ ಅಷ್ಟೆಲ್ಲ ನುಂಗಿಕೊಂಡು ಮೈದಾನಕ್ಕಿಳಿದವರಿಗೆ ನಿಷ್ಠೆ ಸಾಲದೆಂದು ಹೇಳುವವರು ಇನ್ನೆಷ್ಟು ನಿಷ್ಠೆ ಕೇಳುತ್ತಿದ್ದಾರೆ?

ಇಬ್ಬರು ರಿಸೀವರ್‌ಗಳ ಹೆಸರನ್ನು ಇಲ್ಲಿ ಹೇಳಲೇಬೇಕು. ವಿನ್ಸೆಂಟ್ ಜಾಕ್ಸನ್ 2021ರ ಫೆಬ್ರುವರಿಯಲ್ಲಿ ತೀರಿಕೊಂಡಾಗ 38 ವರ್ಷ. ಜಾನ್ಸನ್ ಓದಿದ ಜಾರ್ಜಿಯಾ ಟೆಕ್‌ನಲ್ಲೇ ಓದಿದ ಡಿಮೇರಿಯಸ್ ಥಾಮಸ್ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡಾಗ 33. ಇಬ್ಬರ ಮಿದುಳನ್ನೂ ಬಾಸ್ಟನ್ ವಿಶ್ವವಿದ್ಯಾಲಯದ ತಜ್ಞರು ಪರೀಕ್ಷಿಸಿದರು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮಿದುಳಿನ ಕಾಯಿಲೆ ಇಬ್ಬರಲ್ಲೂ ಎರಡನೆಯ ಹಂತಕ್ಕೆ ಬಂದಿತ್ತು. ಸಾವಿಗೆ ಅದೇ ನೇರ ಕಾರಣ ಎಂದು ನಾವು ಹೇಳುತ್ತಿಲ್ಲ. ಮೂವತ್ತಕ್ಕೆ ಸಾಕು ಎಂದವರು ಬಿಟ್ಟುಬಂದ ಆಟ ಎಂಥದ್ದು ಎಂಬುದಕ್ಕೆ ಇಷ್ಟು ಸಾಕು.

ಹಠಾತ್ ನಿವೃತ್ತಿ ಎಂಬ ಮಾತೂ ನಿಲ್ಲುವುದಿಲ್ಲ. 2015ರ ಋತು ಮುಗಿದ ಬೆನ್ನಲ್ಲೇ ತಾನು ಬಿಡುತ್ತಿದ್ದೇನೆಂದು ಅವರು ತರಬೇತುದಾರ ಜಿಮ್ ಕಾಲ್ಡ್‌ವೆಲ್‌ಗೆ ತಿಳಿಸಿದ್ದರು. ಇನ್ನಷ್ಟು ಯೋಚಿಸು ಎಂದು ತಂಡ ಕಾಲಾವಕಾಶ ಕೊಟ್ಟಿತು. ಜನವರಿ ಕೊನೆಗೆ ಪತ್ರಿಕೆಗಳಲ್ಲೂ ಬಂದಿತ್ತು. ತಂಡಕ್ಕೆ ಎಲ್ಲ ಗೊತ್ತಿತ್ತು. ಅದು ಪತ್ರಿಕೆಗೆ ಬರುವವರೆಗೆ ಗೊತ್ತಿಲ್ಲದವರು ಟಿಕೆಟ್ ಕೊಂಡು ಕೂಗುವ ಅಭಿಮಾನಿಗಳು. ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೆ ಆಟಗಾರನು ತನ್ನ ಮೈಯ ಲೆಕ್ಕವನ್ನು ಗ್ಯಾಲರಿಗೆ ಒಪ್ಪಿಸಬೇಕಾಗಿಲ್ಲ.

ಇನ್ನು ಹಣದ ವಿಷಯ. ಜಾನ್ಸನ್ ಹೊರಟ ಮೇಲೆ, ಒಪ್ಪಂದಕ್ಕೆ ಸಹಿ ಹಾಕುವಾಗ ಕೊಟ್ಟ ಬೋನಸ್‌ನಲ್ಲಿ ಕನಿಷ್ಠ 16 ಲಕ್ಷ ಡಾಲರನ್ನು ಲಯನ್ಸ್ ವಾಪಸು ಪಡೆಯಿತು. ಕಾನೂನಿನ ಪ್ರಕಾರ ಅದಕ್ಕೆ ಆ ಹಕ್ಕು ಇತ್ತು ಎಂಬುದನ್ನು ಒಪ್ಪುತ್ತೇವೆ. ಬೋನಸ್ ಒಮ್ಮೆಗೇ ಕೈಸೇರಿದರೂ, ತಂಡವೊಂದು ವರ್ಷಕ್ಕೆ ಆಟಗಾರರಿಗೆ ಕೊಡಬಹುದಾದ ಸಂಬಳದ ಮಿತಿಯ ಲೆಕ್ಕದಲ್ಲಿ ಅದು ಹಲವು ವರ್ಷಗಳಿಗೆ ಹರಡಿಕೊಳ್ಳುತ್ತದೆ. ಆಟಗಾರ ನಡುವೆ ಬಿಟ್ಟರೆ ಉಳಿದ ಭಾಗವನ್ನು ಕೇಳಬಹುದೆಂದು ಲೀಗ್ ಮತ್ತು ಆಟಗಾರರ ಸಂಘದ ಒಡಂಬಡಿಕೆಯೇ ಹೇಳುತ್ತದೆ. ಕೇಳಬಹುದು ಎನ್ನುತ್ತದೆ, ಕೇಳಲೇಬೇಕು ಎನ್ನುವುದಿಲ್ಲ. ಅವರ ನಿರ್ಗಮನದಿಂದ ಆ ವರ್ಷ ತಂಡಕ್ಕೆ ಸಂಬಳದ ಮಿತಿಯಲ್ಲಿ ಸುಮಾರು 1.1 ಕೋಟಿ ಡಾಲರ್ ಉಳಿಯಿತು. ಅದರ ಮೇಲೆ ಈ ವಸೂಲಿ. ಇದೇ ಲೀಗ್‌ನಲ್ಲಿ ಪ್ರತಿ ವರ್ಷ ತಂಡಗಳು ಆಟಗಾರರನ್ನು ಒಪ್ಪಂದ ಮುಗಿಯುವ ಮೊದಲೇ ಹೊರದಬ್ಬುತ್ತವೆ, ಖಾತರಿಯಿಲ್ಲದ ಸಂಬಳವನ್ನು ಕೊಡದೆ ಕೈ ತೊಳೆದುಕೊಳ್ಳುತ್ತವೆ. ಆಗ ಯಾರೂ ಕೊಟ್ಟ ಮಾತಿನ ಪಾವಿತ್ರ್ಯದ ಬಗ್ಗೆ ಪ್ರವಚನ ಮಾಡುವುದಿಲ್ಲ.

ಬೇರೆ ದಾರಿ ಇರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಂಡ್ರ್ಯೂ ಲಕ್ 2019ರ ಆಗಸ್ಟ್‌ನಲ್ಲಿ, ಋತು ಶುರುವಾಗಲು ಎರಡೇ ವಾರ ಇದ್ದಾಗ, 29ನೇ ವಯಸ್ಸಿನಲ್ಲಿ ಬಿಟ್ಟರು. ಮೈದಾನದಿಂದ ಹೊರಹೋಗುವಾಗ ಅಭಿಮಾನಿಗಳು ಮೂದಲಿಸಿದರು. ತಂಡಕ್ಕೆ ಆದ ಪೇಚು ಡೆಟ್ರಾಯಿಟ್‌ಗಿಂತ ಎಷ್ಟೋ ಪಾಲು ದೊಡ್ಡದು. ಆದರೂ ಕೋಲ್ಟ್ಸ್ ವಸೂಲು ಮಾಡಬಹುದಾಗಿದ್ದ 2 ಕೋಟಿ ಡಾಲರಿಗೂ ಹೆಚ್ಚಿನ ಹಣವನ್ನು ಅವರ ಬಳಿಯೇ ಬಿಟ್ಟಿತು.

ಲಯನ್ಸ್‌ಗೆ ಇಂಥ ವಸೂಲಿ ಮೊದಲ ಸಲವೂ ಆಗಿರಲಿಲ್ಲ. 1999ರಲ್ಲಿ ತಂಡದ ಓಟಗಾರ ಬ್ಯಾರಿ ಸ್ಯಾಂಡರ್ಸ್, ಚೆಂಡು ಹಿಡಿದು ಓಡಿದ ಒಟ್ಟು ಗಜಗಳಲ್ಲಿ ವಾಲ್ಟರ್ ಪೇಟನ್ ಬರೆದಿದ್ದ ದಾಖಲೆಗೆ 1,457 ಗಜ ಬಾಕಿ ಇರುವಾಗ, ತಮ್ಮೂರು ವಿಚಿಟಾದ ಪತ್ರಿಕೆಗೆ ಫ್ಯಾಕ್ಸ್ ಕಳಿಸಿ ನಿವೃತ್ತರಾದರು. ಅವರ ಮೇಲೂ ತಂಡ ಬೋನಸ್ ವಾಪಸಾತಿಗಾಗಿ ಪಂಚಾಯಿತಿ ಹೂಡಿ ಗೆದ್ದಿತು. ತಂಡದ ಇತಿಹಾಸದಲ್ಲೇ ಅತಿ ದೊಡ್ಡವರೆನಿಸುವ ಇಬ್ಬರು, ಹದಿನೇಳು ವರ್ಷಗಳ ಅಂತರದಲ್ಲಿ, ಮೈಯಲ್ಲಿ ಆಟ ಇನ್ನೂ ಉಳಿದಿರುವಾಗಲೇ ಎದ್ದು ಹೋದರು. ಇಬ್ಬರ ಸ್ವಭಾವದಲ್ಲೂ ದೋಷ ಹುಡುಕುವ ಮೊದಲು ಮನೆಯೊಳಗೆ ಏನು ಕೆಟ್ಟಿದೆ ಎಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ತಂಡವನ್ನು ನಡೆಸುತ್ತಿರುವ ಫೋರ್ಡ್ ಮನೆತನ ಕೇಳಿಕೊಳ್ಳಬೇಕಿತ್ತು. ಜಾನ್ಸನ್ ಇದ್ದ ಒಂಬತ್ತು ವರ್ಷಗಳಲ್ಲಿ ತಂಡ ಪ್ಲೇಆಫ್ ತಲುಪಿದ್ದು ಎರಡು ಸಲ; ಎರಡೂ ಸಲ ಮೊದಲ ಪಂದ್ಯದಲ್ಲೇ ಸೋಲು. ಅದರಲ್ಲಿ ಒಂದು ಪಂದ್ಯದಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ, ಅವರೊಬ್ಬರೇ 211 ಗಜ ಗಳಿಸಿದ್ದರು.

2017ರಲ್ಲಿ ಇಟಲಿಗೆ ಹೋಗಿದ್ದಾಗ ಅವರು ಇದನ್ನೇ ಬಾಯಿಬಿಟ್ಟು ಹೇಳಿದರು: ಡೆಟ್ರಾಯಿಟ್‌ನಲ್ಲಿ ಪ್ರಶಸ್ತಿ ಗೆಲ್ಲುವ ದಾರಿ ಕಾಣಲಿಲ್ಲ, ತಂಡ ತನ್ನನ್ನು ಒಪ್ಪಂದದಿಂದ ಬಿಡುಗಡೆ ಮಾಡಲೂ ಒಪ್ಪಲಿಲ್ಲ. ಉಂಡ ಮನೆಗೆ ಎರಡು ಬಗೆದನೆಂದು ವಿರೋಧಿ ಬಣ ಅಂದು ಕೂಗಿತು. ಅವರು ಹೇಳಿದ ಮಾತಿನಲ್ಲಿ ಸುಳ್ಳು ಯಾವುದು ಎಂದು ಆ ಬಣ ಇದುವರೆಗೆ ತೋರಿಸಿಲ್ಲ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನೂರಾರು ಕೋಟಿ ಡಾಲರ್ ಬೆಲೆಬಾಳುವ ತಂಡಕ್ಕೆ 16 ಲಕ್ಷ ಅಡಕೆಯೇ ಸರಿ. ಆ ಅಡಕೆಯನ್ನು ಬಿಡಲಾರದೆ ಅದು ತನ್ನ ಅತ್ಯುತ್ತಮ ಆಟಗಾರನನ್ನು ವರ್ಷಗಟ್ಟಲೆ ಬಾಗಿಲಾಚೆ ನಿಲ್ಲಿಸಿತು. ಹಣ ವಾಪಸು ಕೊಡುವವರೆಗೆ ತಾನು ಬರುವುದಿಲ್ಲವೆಂದು ಜಾನ್ಸನ್ ಬಹಿರಂಗವಾಗಿಯೇ ಹೇಳಿದರು. 2021ರಲ್ಲಿ, ಅರ್ಹತೆ ಸಿಕ್ಕ ಮೊದಲ ವರ್ಷವೇ, ಅವರು ಹಾಲ್ ಆಫ್ ಫೇಮ್ ಸೇರಿದರು. ಆ ಸೆಪ್ಟೆಂಬರಿನಲ್ಲಿ ಫೋರ್ಡ್ ಫೀಲ್ಡ್‌ನಲ್ಲಿ ಅವರಿಗೆ ಉಂಗುರ ತೊಡಿಸುವ ಸಮಾರಂಭ ನಡೆದಾಗ ಪ್ರೇಕ್ಷಕರು ಮಾಲೀಕರಾದ ಶೀಲಾ ಫೋರ್ಡ್ ಹ್ಯಾಂಪ್ ವಿರುದ್ಧವೇ ಕೂಗಿದರು. ಆ ಹೊತ್ತಿಗೆ ತಂಡ ಮುಂದಿಟ್ಟಿದ್ದ ರಾಜಿ ಸೂತ್ರ ಏನು ಗೊತ್ತೆ? ಮೂರು ವರ್ಷ, ವರ್ಷಕ್ಕೆ 5 ಲಕ್ಷ ಡಾಲರ್, ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 28 ಗಂಟೆ ತಂಡದ ಪರವಾಗಿ ಕಾಣಿಸಿಕೊಳ್ಳಬೇಕು ಎಂದು ಡೆಟ್ರಾಯಿಟ್‌ನ ಪತ್ರಿಕೆ ವರದಿ ಮಾಡಿತು. ಕಿತ್ತುಕೊಂಡದ್ದನ್ನು ದುಡಿದು ವಾಪಸು ಪಡೆದುಕೋ ಎಂಬಂತಿದ್ದ ಆ ಸೂತ್ರವನ್ನು ಜಾನ್ಸನ್ ಅಂದು ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಸರಿ.

ಮುಂದೆ ಸಂಬಂಧ ಸುಧಾರಿಸಿತು. 2023ರಲ್ಲಿ ಅವರು ತಂಡದ ಅಭ್ಯಾಸಕ್ಕೆ ಬಂದು ಯುವ ರಿಸೀವರ್‌ಗಳ ಜೊತೆ ನಿಂತರು, 2024ರಲ್ಲಿ ತಂಡ ತನ್ನ ಗೌರವ ಪಟ್ಟಿಗೆ ಅವರ ಹೆಸರು ಸೇರಿಸಿತು. ಅಷ್ಟರಲ್ಲಿ ಲಯನ್ಸ್ ಗೆಲ್ಲುವ ತಂಡವೂ ಆಗಿತ್ತು. ಇದರಿಂದ ಹಳೆಯದು ಚುಕ್ತಾ ಆಯಿತೆಂದು ಆಡಳಿತ ತಿಳಿಯಬಾರದು, ಏಕೆಂದರೆ ಬೋನಸ್ ವಸೂಲಿಯ ಆ ನಿಯಮ ಪುಸ್ತಕದಲ್ಲಿ ಇನ್ನೂ ಇದೆ. ಲೀಗ್ ಮತ್ತು ಆಟಗಾರರ ಸಂಘದ ಈಗಿನ ಒಡಂಬಡಿಕೆಯ ಅವಧಿ 2030ರ ಋತುವಿನವರೆಗೆ. ಮುಂದಿನದಕ್ಕೆ ಕೂತಾಗ, ಇಂತಿಷ್ಟು ಋತು ದುಡಿದು ದೇಹದ ಕಾರಣಕ್ಕೆ ಆಟ ಬಿಡುವವರಿಂದ ಬೋನಸ್ ವಸೂಲು ಮಾಡುವಂತಿಲ್ಲ ಎಂದು ಬರೆಸಿಕೊಳ್ಳುವುದು ಸಂಘದ ಕರ್ತವ್ಯ. ತಂಡಗಳು ವಿರೋಧಿಸುತ್ತವೆ. ಸಂಘ ಆಗ ಜಾನ್ಸನ್ ಅವರ 135 ಪಂದ್ಯಗಳನ್ನೂ ಆ 16 ಲಕ್ಷವನ್ನೂ ಮೇಜಿನ ಮೇಲಿಟ್ಟು, ಅದಕ್ಕೆ ಉತ್ತರ ಕೊಡದೆ ಏಳುವಂತಿಲ್ಲ ಎಂದು ಪಟ್ಟು ಹಿಡಿಯಬೇಕು.