ಉಸಿರು ಇರುವಷ್ಟೇ ಕಾಯಕ

ವಿದೇಶಕ್ಕೆ ಹೋಗಿಬಂದ ನಮ್ಮವರು ಅಲ್ಲಿನ ರಸ್ತೆ, ಕಟ್ಟಡ, ಸ್ವಚ್ಛತೆಯ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಅಲ್ಲಿನ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರ ದುಡಿಮೆಯಿಂದ ಮನೆ ನಡೆಯುತ್ತದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ನಾನೂ ಹಾಗೆಯೇ ಇದ್ದವನು. ದಕ್ಷಿಣ ಕೊರಿಯಾದಲ್ಲಿರುವ ಮಗಳ ಮನೆಗೆ ಹೋದಾಗ, ಜೆಜು ದ್ವೀಪದ ಪೂರ್ವ ಕರಾವಳಿಯ ಹಳ್ಳಿಯೊಂದರಲ್ಲಿ ನಾಲ್ಕು ದಿನ ತಂಗಿದ ಮೇಲೆ ನನ್ನ ಕಣ್ಣು ತೆರೆಯಿತು.

ನಾವು ಇಳಿದುಕೊಂಡಿದ್ದ ಮನೆಯೊಡತಿ ಎಪ್ಪತ್ತು ದಾಟಿದವರು. ಅವರು ಹೆನ್ಯೊ, ಅಂದರೆ ಕಡಲ ಹೆಣ್ಣು. ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು, ಸುಮಾರು 10 ಮೀಟರ್ ಆಳದವರೆಗೂ ಮುಳುಗಿ ಚಿಪ್ಪುಜೀವಿಗಳನ್ನೂ ಕಡಲಕಳೆಯನ್ನೂ ತರುವ ವೃತ್ತಿ ಇದು. ಒಂದು ಮುಳುಗಿಗೆ ಸುಮಾರು ಒಂದು ನಿಮಿಷ. ಮೇಲೆ ಬಂದು ಬಿಡುವ ಉಸಿರು ಸಿಳ್ಳೆಯಂತೆ ಕೇಳಿಸುತ್ತದೆ. ಕಡಲಿಗೆ ಇಳಿಯದ ದಿನ ಹೊಲದ ಕೆಲಸ, ಸಂಜೆ ಮನೆಯ ಅಡುಗೆ. ನಾವು ಸಸ್ಯಾಹಾರಿಗಳೆಂದು ತಿಳಿದಾಗ ಅವರು ಗೆಣಸು ಬೇಯಿಸಿ, ಕಿತ್ತಳೆ ಹಣ್ಣು ಮುಂದಿಟ್ಟು, ನಮಗಾಗಿ ಮರುಗಿದರು!

ನನ್ನ ಎಂಜಿನಿಯರ್ ಬುದ್ಧಿ ಸುಮ್ಮನಿರಲಿಲ್ಲ. "ಸಿಲಿಂಡರ್ ಕಟ್ಟಿಕೊಂಡರೆ ಗಂಟೆಗಟ್ಟಲೆ ಕೆಲಸ ಮಾಡಬಹುದಲ್ಲ?" ಎಂದು ಮಗಳ ಮೂಲಕ ಕೇಳಿಸಿದೆ. ಅವರು ನಕ್ಕರು. "ಆಗ ನಾಲ್ಕೇ ಜನ ಎಲ್ಲವನ್ನೂ ಬಾಚಿಬಿಡುತ್ತಾರೆ. ನಾಳೆಗೆ, ಉಳಿದವರಿಗೆ ಏನಿರುತ್ತದೆ?" ಎಂದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ನನಗೆ ಅಲ್ಲಿ ನೆನಪಾದರು.

ಮರುದಿನ ಬುಲ್ತೊಕ್ ನೋಡಿದೆ. ಕಪ್ಪುಕಲ್ಲಿನ ಗಿಡ್ಡ ಗೋಡೆಯ ಬಯಲು ಆವರಣ, ನಡುವೆ ಬೆಂಕಿಯ ಜಾಗ. ಹಿಂದೆ ಈ ಹೆಂಗಸರು ಅಲ್ಲಿ ಮೈ ಕಾಯಿಸಿಕೊಳ್ಳುತ್ತಾ ಕೆಲಸದ ವಿಚಾರ ಮಾತಾಡಿ ತೀರ್ಮಾನಿಸುತ್ತಿದ್ದರು. ಕಿರಿಯರು ಹಿರಿಯರಿಂದ ಕಲಿಯುತ್ತಿದ್ದುದೂ ಅಲ್ಲೇ. ಈಗ ಬಿಸಿನೀರಿನ ಕಟ್ಟಡಗಳು ಬಂದಿವೆ. ಆಳಕ್ಕೆ ಹೋಗಲಾಗದ ಅಜ್ಜಿಯರಿಗೆಂದು ದಡದ ಹತ್ತಿರದ ನೀರನ್ನು ಬಿಟ್ಟುಕೊಡುವ ರೂಢಿಯೂ ಇದೆ. 1932ರಲ್ಲಿ ಜಪಾನಿ ಆಡಳಿತದ ಶೋಷಣೆಯ ವಿರುದ್ಧ ಬೀದಿಗಿಳಿದವರು ಇದೇ ಹೆಂಗಸರು. 2016ರಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿತು.

ಇದೆಲ್ಲ ಸುಂದರ ಚಿತ್ರ ಮಾತ್ರವಲ್ಲ. ಮನೆಯೊಡತಿ ಕಡಲಿಗೆ ಹೊರಡುವ ಮುನ್ನ ತಲೆನೋವಿನ ಮಾತ್ರೆ ನುಂಗುವುದನ್ನು ಕಂಡೆ. ಕಡಲಿಗೆ ಇಳಿಯುವವರಲ್ಲಿ ಬಹುಪಾಲು 60 ದಾಟಿದವರು. ತಮ್ಮ ಮಗಳು ಈ ಕೆಲಸಕ್ಕೆ ಬರುವುದು ಅವರಿಗೂ ಬೇಕಿಲ್ಲ. ಆದರೂ ಒಂದು ಮಾತು ನಿಜ: ಅವರ ಕೆಲಸದ ನಿಯಮ ಮಾಡುವಾಗ ಅವರ ಮಾತು ನಡೆಯುತ್ತದೆ.

ಇಲ್ಲಿಯೇ ನನ್ನ ತಪ್ಪು ನನಗೆ ಕಂಡದ್ದು. ಸೇವೆಯಲ್ಲಿದ್ದಾಗ ಕಾಲುವೆ ಕೆಲಸದ ಎಷ್ಟೋ ಮಸ್ಟರ್ ರೋಲ್‌ಗಳಿಗೆ ಸಹಿ ಹಾಕಿದ್ದೇನೆ. ಅದರಲ್ಲಿ ಇಂಥವರ ಹೆಂಡತಿ ಎಂದು ಬರೆದ ನೂರಾರು ಹೆಸರುಗಳಿದ್ದವು. ಆ ತಾಯಂದಿರು ಎಷ್ಟು ದೂರದಿಂದ ನಡೆದು ಬರುತ್ತಾರೆ, ಕೂಸನ್ನು ಯಾರ ಬಳಿ ಬಿಟ್ಟಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ. ಎಷ್ಟು ಘನಮೀಟರ್ ಮಣ್ಣು ಎದ್ದಿತು ಎಂಬುದಷ್ಟೇ ನನ್ನ ಲೆಕ್ಕ. ಪರದೇಶದ ಅಜ್ಜಿಯನ್ನು ಕೇಳಿದ ಪ್ರಶ್ನೆಗಳನ್ನು ನನ್ನೂರಿನ ತಾಯಿಗೆ ಕೇಳಲು ಮೂವತ್ತು ವರ್ಷ ಸಾಲಲಿಲ್ಲ.

ಶರಣ ಬಂಧುಗಳೇ, ಪ್ರವಾಸ ಹೋಗಿ, ಬೇಡವೆನ್ನುವುದಿಲ್ಲ. ಆದರೆ ಒಂದು ದಿನವಾದರೂ ಅಲ್ಲಿನ ದುಡಿಯುವ ಹೆಣ್ಣುಮಗಳ ಜೊತೆ ಕುಳಿತು, ಆಕೆ ಹೇಳುವುದನ್ನು ಕೇಳಿ. ತಿರುಗಿ ಬಂದ ಮೇಲೆ ಆ ಕಿವಿಯನ್ನು ಇಲ್ಲಿಯೂ ಇಟ್ಟುಕೊಳ್ಳಿ. ನಮ್ಮ ಜಾತ್ರೆಯ ದಾಸೋಹದಲ್ಲಿ ರೊಟ್ಟಿ ಬಡಿಯುವವರು ತಾಯಂದಿರು. ಎಷ್ಟು ರೊಟ್ಟಿ, ಎಷ್ಟು ಹೊತ್ತಿಗೆ ಎಂದು ನಿರ್ಧರಿಸುವ ಸಭೆಯಲ್ಲಿ ಅವರಿಗೆ ಕುರ್ಚಿ ಇದೆಯೇ? ಇಲ್ಲದಿದ್ದರೆ ಮುಂದಿನ ಸಭೆಗೆ ಅವರನ್ನು ಕರೆಯೋಣ. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.